ಮಜೂರಿಗೇ ಯಾಕೆ ಚೌಕಾಸಿ?

ಸರಾಫ್ ಅಂಗಡಿಯ ಮಾತುಕತೆಗೆ ಒಂದು ಕ್ರಮವಿದೆ. ಹುಲಸೂರಾಗಲಿ, ಬಸವಕಲ್ಯಾಣವಾಗಲಿ, ಹುಮನಾಬಾದಾಗಲಿ, ಅದು ಹೆಚ್ಚುಕಡಿಮೆ ಒಂದೇ. ಬೋರಮಾಳವನ್ನೋ ಝುಮಕಿಯನ್ನೋ ಕೈಗೆತ್ತಿಕೊಂಡ ಹೆಣ್ಣುಮಗಳು ಮೊದಲು ಕೇಳುವುದು, "ಎಷ್ಟ ತೂಕ ಅದ, ಕಾಕಾ?" ಎಂದು. ಎರಡನೆಯ ಪ್ರಶ್ನೆ, "ಇವತ್ತ ತೊಲಿ ಏನ್ ಭಾವ ನಡದದ?" ಈ ಎರಡಕ್ಕೂ ಬಂದ ಉತ್ತರವನ್ನು ಅವಳು ಸುಮ್ಮನೆ ಒಪ್ಪಿಕೊಳ್ಳುತ್ತಾಳೆ. ತಕರಾರು ಶುರುವಾಗುವುದು ಮೂರನೆಯದರಲ್ಲಿ. "ಮಜೂರಿ ಇಷ್ಟ್ಯಾಕ ಕಾಕಾ? ಜರಾ ಕಮ್ಮಿ ಮಾಡ್ರಿ."

ಚಿನ್ನದ ದರದ ಮೇಲೆ ಯಾರೂ ಚೌಕಾಸಿ ಮಾಡುವುದಿಲ್ಲ. ಮಾಡಿದರೂ ನಡೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಲಂಡನ್ನಿನಲ್ಲಿ ದಿನಕ್ಕೆ ಎರಡು ಸಲ ನಿಗದಿಯಾಗುವ ಬೆಲೆ, ಡಾಲರಿನ ಎದುರು ರೂಪಾಯಿಯ ಏರಿಳಿತ, ಸರ್ಕಾರದ ಆಮದು ಸುಂಕ ಎಲ್ಲ ಸೇರಿ ಆ ದರ ನಮ್ಮೂರಿಗೆ ಬರುತ್ತದೆ. ಒಡವೆಯ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ. ಮಜೂರಿಯದು ಸಣ್ಣ ಪಾಲು. ಆದರೂ ನಮ್ಮ ವ್ಯವಹಾರದ ಜಾಣತನವೆಲ್ಲ ಖರ್ಚಾಗುವುದು ಆ ಸಣ್ಣ ಪಾಲಿನ ಮೇಲೆ. ಕಾರಣ ಸರಳ. ಲಂಡನ್ನಿನವರು ನಮ್ಮ ಮಾತು ಕೇಳುವುದಿಲ್ಲ, ಪತ್ತಾರ ಕೇಳುತ್ತಾನೆ. ಕೇಳಲೇಬೇಕಾದ ಸ್ಥಿತಿಯಲ್ಲಿ ಅವನಿದ್ದಾನೆ.

ಯಾರ ಮೇಲೆ ನಮ್ಮ ಕೈ ಸಾಗುತ್ತದೋ ಅವರ ಪಾಲಿನಲ್ಲಿ ಕಡಿತ ಮಾಡುವುದನ್ನು ನಾವು ವ್ಯವಹಾರ ಎನ್ನುತ್ತೇವೆ. ಅದು ನ್ಯಾಯವೂ ಹೌದೇ? ಕೈಕೆಲಸಕ್ಕೆ ನಾವು ಕೊಡಬೇಕಾದದ್ದು ಏನು, ಮತ್ತು ಯಾಕೆ?

ಮೊದಲು ನಮ್ಮ ಮಾತುಗಳನ್ನೇ ನೋಡೋಣ. ಚಿನ್ನದ ಬಿಲ್ಲಿನಲ್ಲಿ 'ವೇಸ್ಟೇಜ್' ಎಂಬ ಪದವಿರುತ್ತದೆ. ಕಾಸುವಾಗ, ಅರ ಹಾಕುವಾಗ, ಬೆಸೆಯುವಾಗ ಸ್ವಲ್ಪ ಚಿನ್ನ ಹೋಗುತ್ತದೆ, ಅದರ ಲೆಕ್ಕವಿದು. ಆದರೆ ಎಷ್ಟೋ ಕಡೆ ಕೆಲಸದ ಕೂಲಿಯೂ ಇದೇ ಹೆಸರಿನಡಿ ಸೇರಿಕೊಂಡಿರುತ್ತದೆ. ಅಂದರೆ ಕೈಯ ದುಡಿಮೆ ಬಿಲ್ಲಿನಲ್ಲಿ 'ಹಾಳಾದದ್ದು' ಎಂದು ದಾಖಲಾಗುತ್ತದೆ. ಒಡವೆಯನ್ನು ತಿರುಗಿ ಮಾರಲು ಹೋದಾಗ ಈ ಮಾತು ಅಕ್ಷರಶಃ ನಿಜವಾಗುತ್ತದೆ. ತಕ್ಕಡಿಗೆ ಹಾಕಿ, ಶುದ್ಧತೆ ನೋಡಿ, ಚಿನ್ನದ ಬೆಲೆಯಷ್ಟೇ ಕೊಡುತ್ತಾರೆ. ಒಂದೊಂದೇ ಗುಂಡು ಕಟ್ಟಿ, ಒಂದೊಂದೇ ಎಸಳು ಬೆಸೆದ ದಿನಗಳ ಬೆಲೆ ಸೊನ್ನೆ. ಮುಂದೆ ಆ ಒಡವೆ ಮೂಸೆಗೆ ಹೋಗಿ ಕರಗುತ್ತದೆ.

ಹಾಲ್‌ಮಾರ್ಕ್ ಗುರುತೂ ಇದೇ ಕಥೆ ಹೇಳುತ್ತದೆ. 2021ರಲ್ಲಿ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿತು. 2023ರ ಏಪ್ರಿಲ್‌ನಿಂದ ಪ್ರತಿ ಒಡವೆಗೂ 6 ಅಕ್ಷರ-ಅಂಕಿಗಳ ಒಂದು ಗುರುತು ಬೇಕು. ಅದನ್ನು ಮೊಬೈಲಿನಲ್ಲಿ ಹಾಕಿದರೆ ಶುದ್ಧತೆ ಎಷ್ಟು, ಹಾಲ್‌ಮಾರ್ಕ್ ಹಾಕಿದ ಕೇಂದ್ರ ಯಾವುದು, ಅಂಗಡಿ ಯಾವುದು ಎಂಬುದು ತಿಳಿಯುತ್ತದೆ. ಗಿರಾಕಿಗೆ ಇದರಿಂದ ದೊಡ್ಡ ಉಪಕಾರವಾಗಿದೆ, ಅನುಮಾನವಿಲ್ಲ. ಮಾಡಿದವರು ಯಾರು ಎಂಬುದಕ್ಕೆ ಮಾತ್ರ ಅದರಲ್ಲಿ ಜಾಗವಿಲ್ಲ. ಚಿನ್ನದ ನಿಯತ್ತಿಗೆ ಗುರುತು ಬಂತು, ಕೈಗೆ ಬರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಸುಳ್ಳಾಗುತ್ತದೆ. ನಮ್ಮದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ತೊಗರಿ, ಸೋಯಾ, ಉದ್ದು ಕೈಕೊಟ್ಟ ವರ್ಷ ಮನೆಯ ಹೆಣ್ಣುಮಗಳ ಕೊರಳಿನ ಸರವೇ ಬ್ಯಾಂಕು. ಅದನ್ನು ಒತ್ತೆಯಿಟ್ಟು ಬೀಜ ತರುತ್ತಾರೆ, ಆಸ್ಪತ್ರೆಗೆ ಕಟ್ಟುತ್ತಾರೆ, ಮಕ್ಕಳ ಫೀ ತುಂಬುತ್ತಾರೆ. ಒತ್ತೆ ಇಟ್ಟುಕೊಳ್ಳುವವನು ಎಸಳಿನ ಚೆಲುವಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹಾಗಿರುವಾಗ "ಎಷ್ಟ ತೂಕ?" ಎಂದು ಕೇಳುವುದರಲ್ಲಿ ದುರಾಸೆಯಿಲ್ಲ, ಅನುಭವದಿಂದ ಬಂದ ಎಚ್ಚರವಿದೆ. ಅವಳು ಮಜೂರಿಗೆ ಚೌಕಾಸಿ ಮಾಡಿದರೆ, ತನಗೆ ಮುಂದೆಂದೂ ವಾಪಸು ಸಿಗದ ದುಡ್ಡನ್ನು ಕಡಿಮೆ ಮಾಡಿಕೊಳ್ಳುತ್ತಿದ್ದಾಳೆ. ಅವಳಿಗೆ ನೀತಿ ಹೇಳುವ ಹಕ್ಕು ಯಾರಿಗೂ ಇಲ್ಲ. ಹೊಲದಲ್ಲಿ ಅವಳ ಕೂಲಿಯನ್ನೂ ಎದುರಿಗೆ ನಿಂತವನೇ ಕಡಿಮೆ ಮಾಡಿರುತ್ತಾನೆ.

ಈ ಆಕ್ಷೇಪಣೆಯನ್ನು ಪೂರ್ತಿ ಒಪ್ಪಿಕೊಂಡರೂ ಒಂದು ಮಾತು ಉಳಿಯುತ್ತದೆ. ತೂಕದ ಪ್ರಶ್ನೆ ಒಡವೆಯನ್ನು ಆಸ್ತಿಯಾಗಿ ನೋಡಿದಾಗ ಸರಿಯಾದದ್ದು. ಒಡವೆಯನ್ನು ಕೆಲಸವಾಗಿ ನೋಡಿದಾಗ ಕೇಳಬೇಕಾದ ಪ್ರಶ್ನೆ ಬೇರೆ. ಚಿನ್ನದಲ್ಲಿ ಈ ಎರಡೂ ಬೆರೆತುಹೋಗಿ ಎರಡನೆಯದು ಕಾಣುವುದೇ ಇಲ್ಲ. ಅದು ಬೇರೆಯಾಗಿ ಕಾಣಬೇಕಾದರೆ ನಮ್ಮ ಜಿಲ್ಲೆಯದೇ ಇನ್ನೊಂದು ಕಸುಬಿನ ಹತ್ತಿರ ಹೋಗಬೇಕು. ಬೀದರಿನ ಬಿದ್ರಿ.

ಬಿದ್ರಿಯ ಮೂಲ ಲೋಹ ಸತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಕರಗಿಸಿದ್ದನ್ನು ಮಣ್ಣಿನ ಅಚ್ಚಿಗೆ ಹೊಯ್ದು, ತಣಿದ ಮೇಲೆ ಅರ ಹಾಕಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಬಳ್ಳಿ, ಹೂವು, ಗೀಟುಗಳನ್ನು ಕೈಯಿಂದಲೇ ಬರೆಯುತ್ತಾರೆ. ಆ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತೆಳು ತಗಡನ್ನೋ ಸುತ್ತಿಗೆಯಿಂದ ಬಡಿದು ಕೂಡಿಸುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಎಂದು ಹೆಸರು. ಮತ್ತೆ ಅರ, ಮತ್ತೆ ಉಜ್ಜು. ಕೊನೆಗೆ ಬೀದರ ಕೋಟೆಯ ಹಳೆಯ ಜಾಗದ ಮಣ್ಣಿಗೆ ನವಸಾಗರ ಮತ್ತು ನೀರು ಬೆರೆಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೇಲೆ ಎಣ್ಣೆ ಒರೆಸಿದರೆ ಕಪ್ಪು ಗಾಢವಾಗುತ್ತದೆ.

ಈಗ "ಎಷ್ಟ ತೂಕ?" ಎಂದು ಕೇಳಿ ನೋಡಿ. ಸತುವಿಗೆ ಬೆಲೆಯಿಲ್ಲ. ಬೆಳ್ಳಿ ತೀರ ಸ್ವಲ್ಪ. ಕರಗಿಸಿದರೆ ಕೈಗೆ ಬರುವುದು ಗುಜರಿ. ಚಿನ್ನದಲ್ಲಿ ಯಾವುದನ್ನು ನಾವು ವೇಸ್ಟೇಜ್ ಎಂದೆವೋ, ಬಿದ್ರಿಯಲ್ಲಿ ಅದೇ ಸರಿಸುಮಾರು ಇಡೀ ವಸ್ತು.

ಇದರಿಂದ ಒಂದು ವಿಚಿತ್ರ ಫಲ ಸಿಕ್ಕಿದೆ. ಹಳೆಯ ಕಾಲದ ಬಿದ್ರಿ ಹುಕ್ಕಾ ಬುಡಗಳು, ಪಾನದಾನಗಳು, ಹೂಜಿಗಳು ಇವತ್ತಿಗೂ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇವೆ. ಅದೇ ಮನೆತನಗಳ ಹೆಂಗಸರು ತೊಟ್ಟ ಚಿನ್ನದಲ್ಲಿ ಎಷ್ಟೋ ಪಾಲು ಕರಗಿ ಬೇರೆ ಬೇರೆ ರೂಪ ತಳೆದು ಹೋಗಿರಬೇಕು. ಕರಗಿಸಲು ಆಸೆ ಹುಟ್ಟಿಸದ ಲೋಹದಲ್ಲಿ ಕೈಕೆಲಸ ಉಳಿಯಿತು. ಬೆಲೆಬಾಳುವ ಲೋಹವೇ ತನ್ನ ಮೇಲಿನ ಕೆಲಸಕ್ಕೆ ಶತ್ರುವಾಗುತ್ತದೆ ಎಂಬುದು ಬಿದ್ರಿಯಿಂದ ಕಲಿಯಬಹುದಾದ ಪಾಠ.

ಈಗ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹುಲಸೂರಿನ ಒಬ್ಬ ಹುಡುಗಿ ಬೀದರಿಗೆ ಹೋಗಿ ಬಿದ್ರಿ ಕಲಿತು, ಮನೆಯ ಒಂದು ಕೋಣೆಯಲ್ಲಿ ಕಿವಿಯೋಲೆ, ಪದಕ ಮಾಡಿ ಮಾರಲು ಕೂತಿದ್ದಾಳೆ. ಒಂದು ಜೊತೆ ಓಲೆಗೆ ಸತು, ತಾಮ್ರ, ಬೆಳ್ಳಿ ಎಲ್ಲ ಸೇರಿ 200 ರೂಪಾಯಿ, ಎರಡು ದಿನದ ಕೆಲಸ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಗಾರೆ ಕೆಲಸದವನ ದಿನಗೂಲಿಯಷ್ಟಾದರೂ ತನಗೆ ಬೇಕೆಂದು ಅವಳು 1,800 ರೂಪಾಯಿ ಹೇಳುತ್ತಾಳೆ. ಗಿರಾಕಿ ಮೊಬೈಲು ತೋರಿಸಿ, "ಇಂಥಾದ್ದೇ ಆನ್‌ಲೈನಿನಾಗ 300ಕ್ಕ ಸಿಗ್ತದಲ್ಲ ತಂಗಿ" ಎನ್ನುತ್ತಾನೆ. ಅದು ಕಪ್ಪು ಬಣ್ಣ ಬಳಿದು ಮೇಲೆ ಬೆಳ್ಳಿಯಂಥ ಗೆರೆ ಅಚ್ಚೊತ್ತಿದ ಮಾಲು. ಕಣ್ಣಿಗೆ ಎರಡೂ ಒಂದೇ. ಅವಳು ಏನು ಹೇಳಬೇಕು?

ಒಂದು ಸುಲಭದ ದಾರಿ, ಕರುಣೆ. "ಕಲೆ ಸಾಯಾಕತ್ತದ, ಉಳಸ್ರಿ" ಎನ್ನುವುದು. ಮೇಳಗಳಲ್ಲಿ, ಭಾಷಣಗಳಲ್ಲಿ ಇದು ಸಾಕಷ್ಟು ನಡೆದಿದೆ. ಆದರೆ ಹೀಗೆ ಕೊಂಡವನು ವಸ್ತುವನ್ನು ಕೊಳ್ಳಲಿಲ್ಲ, ದಾನ ಮಾಡಿದ. ಮಾರಿದವಳು ಬೇಡಿದಳು. ಕಲ್ಯಾಣದ ಮಣ್ಣಿನಲ್ಲಿ ನಿಂತು ಈ ದಾರಿಯನ್ನು ಒಪ್ಪುವುದು ಕಷ್ಟ. 12ನೆಯ ಶತಮಾನದಲ್ಲಿ ಹಗ್ಗ ಹೊಸೆಯುವವರು, ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು ಇಲ್ಲಿ ಸೇರಿ ಕಾಯಕ ಎಂಬ ಮಾತಿಗೆ ಕೊಟ್ಟ ಅರ್ಥವೇ, ದುಡಿಯುವ ಕೈ ಯಾರ ಮುಂದೆಯೂ ಚಾಚಬೇಕಾಗಿಲ್ಲ ಎಂಬುದು.

ಇನ್ನೊಂದು ಸುಲಭದ ದಾರಿ, ಕಥೆ. ಕೋಟೆಯ ಮಣ್ಣಿನ ರಹಸ್ಯ, ಸುಲ್ತಾನರ ಕಾಲದ ಶಾಪ, ಅಜ್ಜನ ಅಜ್ಜನಿಂದ ಬಂದ ಗುಟ್ಟು. ಕಥೆ ಸೇರಿಸಿದರೆ 1,800ರ ಓಲೆ 5,000ಕ್ಕೂ ಹೋಗಬಹುದು, ಅದರಲ್ಲೂ ದೂರದ ಊರಿನ ಗಿರಾಕಿಗೆ. ಆ ಮಣ್ಣಿನಲ್ಲಿ ಏನೋ ಇರುವುದು ಹೌದು, ಅದು ಕೆಲಸ ಮಾಡುವುದೂ ಹೌದು. ಆದರೆ ಕಪ್ಪಾಗಿಸುವುದು ಕೊನೆಯ ಒಂದು ಹಂತ. ಎರಡು ದಿನದ ಕೊರೆತವನ್ನು ಮರೆಸಿ ಒಂದು ಹಿಡಿ ಮಣ್ಣನ್ನು ಮೆರೆಸಿದರೆ ಅಲ್ಲಿಯೂ ಕೈಗೆ ಮೋಸವೇ ಆಯಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಗುತ್ತದೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಸಾಮಾನ್ಯವಾಗಿ ಇದನ್ನು ಆಸೆಗೆ ಹಾಕಿದ ಮಿತಿಯೆಂದು ಓದುತ್ತೇವೆ. ನನಗೆ ಇದರಲ್ಲಿ ಬೆಲೆಯ ಪಾಠವೂ ಕಾಣುತ್ತದೆ. ಕೆಲಸದ ಅಳತೆಗೆ ಒಂದು ಕೆಳಗಿನ ಗೆರೆಯಿರುವಂತೆ ಮೇಲಿನ ಗೆರೆಯೂ ಇದೆ. ಕಡಿಮೆ ಕೊಡಬೇಡಿ ಎನ್ನುವ ಹಕ್ಕು ಇರುವುದು, ಹೆಚ್ಚು ಬೇಡ ಎನ್ನಬಲ್ಲವರಿಗೆ.

ಆದರೆ ಆ ಅಳತೆ ಯಾವುದು? ಎಷ್ಟು ದಿನ ಹಿಡಿಯಿತೋ ಅಷ್ಟು ಕೂಲಿ ಎಂದರೆ, ಕಲಿಯುವವಳು ನಾಲ್ಕು ದಿನ ತೆಗೆದುಕೊಂಡ ಓಲೆಗೆ ನುರಿತವಳ ಎರಡು ದಿನದ ಓಲೆಗಿಂತ ಎರಡು ಪಟ್ಟು ಕೊಡಬೇಕಾಗುತ್ತದೆ. ಅದು ಸರಿಯಲ್ಲ. ನುರಿತ ಕೈಯ ಎರಡು ದಿನದ ಹಿಂದೆ ಕಲಿತ ವರ್ಷಗಳು, ಒಡೆದ ಅಚ್ಚುಗಳು, ಜಾರಿದ ಉಳಿಗಳು ಇವೆ. ಹಾಗಾಗಿ ಗಡಿಯಾರವೊಂದೇ ಸಾಲದು, ಹಾಗೆಂದು ಗಡಿಯಾರವನ್ನು ಬಿಟ್ಟುಬಿಡುವುದಕ್ಕೂ ಆಗದು. ಈ ಕೆಲಸದಿಂದಲೇ ಒಬ್ಬ ನುರಿತ ಮನುಷ್ಯ ಮನೆ ನಡೆಸಿ, ಇನ್ನೊಬ್ಬರಿಗೆ ಕಲಿಸುವಷ್ಟು ಬಿಡುವನ್ನೂ ಉಳಿಸಿಕೊಳ್ಳಬಹುದೇ? ಹೌದು ಎನ್ನಬಹುದಾದ ಬೆಲೆ ನ್ಯಾಯದ ಬೆಲೆ. ಮಗ ಆಟೊ ಓಡಿಸಲು ಹೋಗುತ್ತೇನೆ ಎಂದಾಗ ಅಪ್ಪನ ಬಳಿ ಉತ್ತರವಿಲ್ಲದಿದ್ದರೆ, ಆ ಕಸುಬಿನ ಬೆಲೆ ನ್ಯಾಯವಾಗಿಲ್ಲ.

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ನೋಡಬೇಕು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಬಳಿದದ್ದನ್ನು ಬಿದ್ರಿ ಎಂದು ಮಾರುವವರ ವಿರುದ್ಧ ಅದೊಂದು ಆಧಾರ. ಆದರೆ ಅದು ಕಾಯುವುದು ಹೆಸರನ್ನು. ಆ ಹೆಸರಿನಡಿ ಬಂದ ದುಡ್ಡಿನಲ್ಲಿ ಉಳಿ ಹಿಡಿದವನಿಗೆ ಎಷ್ಟು, ಅರ ಹಾಕಿದವನಿಗೆ ಎಷ್ಟು ಎಂಬುದು ಕಾರ್ಖಾನೆಯ ಒಳಗಿನ ಮಾತಾಗಿಯೇ ಉಳಿದಿದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆಗೆ ಸಂತೋಷವಾಯಿತು. ಪ್ರಶಸ್ತಿ ಎಂಬುದಕ್ಕೆ ಒಂದು ಹೆಸರು ಬೇಕು. ಬಿದ್ರಿಗೆ ಮಾತ್ರ ಎರಕದವರು, ಬರೆಯುವವರು, ಕೊರೆಯುವವರು, ಬೆಳ್ಳಿ ಕೂಡಿಸುವವರು, ಉಜ್ಜುವವರು ಎಂದು ಹಲವು ಕೈ ಬೇಕಾಗುತ್ತವೆ. ನಗರದ ವಿನ್ಯಾಸಕಾರರೊಬ್ಬರು ಕಾಗದದ ಮೇಲೆ ಪದಕದ ಚಿತ್ರ ಬರೆದು ಬೀದರಿನಲ್ಲಿ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರಿದರೆ ಅದರಲ್ಲಿ ತಪ್ಪಿಲ್ಲ, ಚಿತ್ರವೂ ಕೆಲಸವೇ. ಬಿಲ್ಲಿನಲ್ಲಿ ಉಳಿದ ಕೈಗಳು ಕಾಣದಂತೆ ಮಾಡಿದರೆ ತಪ್ಪು.

ಆದ್ದರಿಂದ ಹುಲಸೂರಿನ ಆ ಹುಡುಗಿಗೆ ನಾನು ಹೇಳುವುದಾದರೆ ಇಷ್ಟು. ಓಲೆಯ ಜೊತೆ ಒಂದು ಚೀಟಿ ಇಡು. ಲೋಹ ಇಷ್ಟು, ಬೆಳ್ಳಿ ಇಷ್ಟು, ಎರಕ ಯಾರದು, ಕೊರೆತ ಯಾರದು, ಎಷ್ಟು ದಿನ, ಮಜೂರಿ ಎಷ್ಟು ಎಂದು ಬರೆ. ಬೆವರಿಗೆ ಕಪ್ಪು ಮಾಸಬಹುದು, ಆಗ ಸ್ವಲ್ಪ ಎಣ್ಣೆ ಒರೆಸಿ ಎಂಬುದನ್ನೂ ಬರೆ. ಇದರಿಂದ ಮಾರಾಟ ಹೆಚ್ಚುತ್ತದೆ ಎಂಬ ಭರವಸೆ ನಾನು ಕೊಡಲಾರೆ, ಕಡಿಮೆಯೂ ಆಗಬಹುದು. ಆದರೆ ಚೀಟಿ ಓದಿದ ಮೇಲೂ "ಕಮ್ಮಿ ಮಾಡು" ಎನ್ನುವವನು ತಾನು ಯಾವುದನ್ನು ಕಮ್ಮಿ ಮಾಡಿಸುತ್ತಿದ್ದೇನೆ ಎಂಬುದನ್ನು ತಿಳಿದೇ ಹೇಳಬೇಕಾಗುತ್ತದೆ.

ಉಳಿದದ್ದು ಕೊಳ್ಳುವವರಾದ ನಮ್ಮ ಪಾಲು. ಬರಗಾಲಕ್ಕೆಂದು ಚಿನ್ನ ಕೊಳ್ಳುವ ಹೆಣ್ಣುಮಗಳು ಚೌಕಾಸಿ ಮಾಡಲಿ, ಅದು ಅವಳ ಅಗತ್ಯ. ತಿಂಗಳಿಗೆ ಸಂಬಳ ಎಣಿಸುವ ನಾವು, ದೊಡ್ಡ ಮಳಿಗೆಯ ಚೀಟಿ ಅಂಟಿಸಿದ ಬೆಲೆಗೆ ಬಾಯಿ ಬಿಡದ ನಾವು, ನೆಲದ ಮೇಲೆ ಕೂತು ಮಾರುವವಳ ಎದುರು ಮಾತ್ರ ಜಾಣರಾಗುವುದಕ್ಕೆ ಯಾವ ಅಗತ್ಯವೂ ಇಲ್ಲ. ಅಲ್ಲಿ ಉಳಿಸಿದ ನೂರು ರೂಪಾಯಿ ನಮ್ಮ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಅವಳ ಲೆಕ್ಕದಲ್ಲಿ ಅದು ಆ ದಿನದ ದುಡಿಮೆಯ ಒಂದು ದೊಡ್ಡ ತುಣುಕು.