ಲೆಕ್ಕ ಕೇಳುವ ಧರ್ಮ: ಶಾಲಾ ತೆರಿಗೆಯ ನಿರಾಕರಣೆಯನ್ನು ಕುರಿತು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಮನೆ, ಹೊಲ, ಅಂಗಡಿಗಳ ಮೇಲಿನ ಆಸ್ತಿ ತೆರಿಗೆಯಿಂದ ಬರುತ್ತದೆ, ಮತ್ತು ಆ ತೆರಿಗೆಯನ್ನು ಕಾನೂನಿನ ಮಿತಿಯಾಚೆಗೆ ಏರಿಸಬೇಕಾದಾಗ ಚುನಾಯಿತ ಶಾಲಾ ಮಂಡಳಿಯು ಮತದಾರರ ಒಪ್ಪಿಗೆ ಪಡೆಯಬೇಕಾಗುತ್ತದೆ. ಹೀಗೆ ಮತಕ್ಕೆ ಹಾಕುವ ತೆರಿಗೆಗೆ ಅಲ್ಲಿ ‘ಲೆವಿ’ ಎಂದು ಹೆಸರು. ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುವ ಕರ್ನಾಟಕದಲ್ಲಿ ಇಂಥ ಮತದಾನ ಅಪರಿಚಿತವಾದರೂ, ಒಹಾಯೊದಲ್ಲಿ ಮನೆ ಕೊಂಡು ಅಲ್ಲಿನ ಪೌರರಾದ ಕನ್ನಡಿಗರು ಅದನ್ನು ಎದುರಿಸಲೇಬೇಕು. ಮೇಲುನೋಟಕ್ಕೆ ಇದು ಹಣಕಾಸಿನ ವಿಷಯ. ಒಳಗಿರುವುದು ಮಾತ್ರ ಧರ್ಮದ ಜಿಜ್ಞಾಸೆ. ತನ್ನದಲ್ಲದ ಮಗುವಿನ ವಿದ್ಯೆಗೆ ಮನುಷ್ಯ ಎಷ್ಟರಮಟ್ಟಿಗೆ ಬಾಧ್ಯ, ಮತ್ತು ಆ ಬಾಧ್ಯತೆಯನ್ನು ಒಪ್ಪಿಕೊಂಡವನೇ ಅದರ ಹೆಸರಿನಲ್ಲಿ ಕೇಳಿದ ಹಣಕ್ಕೆ ‘ಬೇಡ’ ಎಂದು ಮತ ಹಾಕಿದರೆ ಅವನು ಕರ್ತವ್ಯಭ್ರಷ್ಟನೇ?

ಉತ್ತರಕ್ಕೆ ಮೊದಲು ತೆರಿಗೆಯ ರಚನೆಯನ್ನು ತಿಳಿಯಬೇಕು. ಅಲ್ಲಿ ತೆರಿಗೆಯ ಅಳತೆ ‘ಮಿಲ್’. ಒಂದು ಮಿಲ್ ಎಂದರೆ ತೆರಿಗೆಗೆ ಒಳಪಡುವ ಪ್ರತಿ 1000 ಡಾಲರ್ ಮೌಲ್ಯಕ್ಕೆ ಒಂದು ಡಾಲರ್. ಮನೆಯ ಮಾರುಕಟ್ಟೆ ಬೆಲೆಯ ಶೇ 35ರಷ್ಟು ಮಾತ್ರ ತೆರಿಗೆಗೆ ಒಳಪಡುವುದರಿಂದ, ಎರಡು ಲಕ್ಷ ಡಾಲರ್ ಬೆಲೆಯ ಮನೆಯ ತೆರಿಗೆ ಮೌಲ್ಯ 70,000 ಡಾಲರ್ ಆಗುತ್ತದೆ, ಐದು ಮಿಲ್‌ಗಳ ಹೊಸ ಲೆವಿ ಅದರ ಮೇಲೆ ವರ್ಷಕ್ಕೆ 350 ಡಾಲರ್ ಹೊರಿಸುತ್ತದೆ. ಮತದಾರರನ್ನು ಕೇಳದೆ ಎಲ್ಲ ಸ್ಥಳೀಯ ಸಂಸ್ಥೆಗಳೂ ಸೇರಿ ವಿಧಿಸಬಹುದಾದದ್ದು ಹತ್ತು ಮಿಲ್ ಮಾತ್ರ. ಈ ಕಟ್ಟು 1933ರಿಂದ ಇದೆ. ಇದಕ್ಕಿಂತ ಮುಖ್ಯವಾದದ್ದು 1976ರ ಶಾಸನ, ಶಾಸನಸಭೆಯ ಮಸೂದೆ 920 ಎಂದೇ ಅದು ಪ್ರಸಿದ್ಧ. ಇದರ ಪ್ರಕಾರ ಮರುಮೌಲ್ಯಮಾಪನದಿಂದ ಮನೆಗಳ ಬೆಲೆ ಏರಿದರೆ ಮತದಾರರು ಒಪ್ಪಿದ ಲೆವಿಯ ದರ ಅದಕ್ಕೆ ತಕ್ಕಂತೆ ಇಳಿಯುತ್ತದೆ, ಹೀಗಾಗಿ, ದರ ಇಳಿಯಬಹುದಾದ ಇಪ್ಪತ್ತು ಮಿಲ್‌ಗಳ ಕನಿಷ್ಠ ಮಟ್ಟವನ್ನು ಮುಟ್ಟಿದ ಶಾಲಾ ಜಿಲ್ಲೆಗಳನ್ನು ಬಿಟ್ಟರೆ, ಇದ್ದ ಆಸ್ತಿಗಳಿಂದ ಶಾಲೆಗೆ ಬರುವ ಮೊತ್ತ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಬೆಲೆಯೇರಿಕೆ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಶಾಲಾ ಮಂಡಳಿ ಕೆಲವು ವರ್ಷಗಳಿಗೊಮ್ಮೆ ಮತ್ತೆ ಮತದಾರರ ಬಾಗಿಲಿಗೆ ಬಂದಿತೆಂಬುದೇ ದುಂದುವೆಚ್ಚದ ಸಾಕ್ಷಿಯಾಗಲಾರದು. ಲೆವಿಯನ್ನು ವಿರೋಧಿಸುವವರು ಬಹಳ ಸಲ ಮರೆಯುವ ಸಂಗತಿಯಿದು, ಮತ್ತು ಇದನ್ನು ಮರೆತ ವಿರೋಧಕ್ಕೆ ಹಣಕಾಸಿನ ಹೊಣೆಗಾರಿಕೆಯ ಹೆಸರನ್ನು ಹೇಳಿಕೊಳ್ಳುವ ಹಕ್ಕಿಲ್ಲ.

ಶಾಲಾ ತೆರಿಗೆಯ ಬೇರು ಧರ್ಮಶ್ರದ್ಧೆಯಲ್ಲಿದೆ. 1647ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ ವಸಾಹತು, ಧರ್ಮಗ್ರಂಥವನ್ನು ಓದಲಾರದ ಜನರನ್ನು ಸೈತಾನನು ಸುಲಭವಾಗಿ ವಂಚಿಸುತ್ತಾನೆಂಬ ಭಯದಿಂದ, ಐವತ್ತು ಮನೆಗಳ ಪ್ರತಿ ಊರೂ ಓದುಬರಹ ಕಲಿಸುವ ಒಬ್ಬ ಉಪಾಧ್ಯಾಯನನ್ನು ನೇಮಿಸಬೇಕು, ನೂರು ಮನೆಗಳಾದರೆ ವ್ಯಾಕರಣ ಶಾಲೆಯನ್ನೇ ತೆರೆಯಬೇಕು ಎಂದು ಕಾನೂನು ಮಾಡಿತು. ಎರಡು ಶತಮಾನಗಳ ನಂತರ, 1874ರಲ್ಲಿ, ಪ್ರೌಢಶಾಲೆಗೂ ಊರಿನ ತೆರಿಗೆಯನ್ನು ಬಳಸಬಹುದೇ ಎಂಬ ಕಲಮಜೂ ಪಟ್ಟಣದ ವ್ಯಾಜ್ಯದಲ್ಲಿ ಮಿಶಿಗನ್ನಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಥಾಮಸ್ ಕೂಲಿ ಬಳಸಬಹುದೆಂದು ತೀರ್ಪಿತ್ತರು. ಹೀಗೆ ಆತ್ಮದ ರಕ್ಷಣೆಗೆಂದು ಹುಟ್ಟಿದ ಬಾಧ್ಯತೆ ಗಣರಾಜ್ಯದ ರಕ್ಷಣೆಯ ಬಾಧ್ಯತೆಯಾಗಿ ಬೆಳೆಯಿತು. ಭಾರತೀಯ ಚಿಂತನೆ ಹೇಳುವ ಮೂರು ಋಣಗಳಲ್ಲಿ ಒಂದಾದ ಋಷಿಋಣವೂ ಇದಕ್ಕೆ ದೂರದ್ದೇನಲ್ಲ: ಪಡೆದ ವಿದ್ಯೆ ಸಾಲವಾಗಿಯೇ ಇರುತ್ತದೆ, ಆ ಸಾಲ ತೀರುವುದು ಕೊಟ್ಟವನಿಗೆ ಮರಳಿಸುವುದರಿಂದಲ್ಲ, ಮುಂದಿನವನಿಗೆ ದಾಟಿಸುವುದರಿಂದ.

ಈ ಬಾಧ್ಯತೆಯ ಅತ್ಯಂತ ಶುದ್ಧ ರೂಪ ಕಾಣುವುದು ಒಹಾಯೊದ ಹೋಮ್ಸ್ ಕೌಂಟಿಯಂಥ ಕಡೆ ದೊಡ್ಡ ಸಂಖ್ಯೆಯಲ್ಲಿರುವ ಆಮಿಶ್ ಕ್ರೈಸ್ತ ಸಮುದಾಯದಲ್ಲಿ. ಎಂಟನೆಯ ತರಗತಿಯ ಆಚೆಗಿನ ಔಪಚಾರಿಕ ಶಿಕ್ಷಣವನ್ನು ತಮ್ಮ ಶ್ರದ್ಧೆಯ ಕಾರಣಕ್ಕೆ ಒಲ್ಲದ ಈ ಜನರ ಹಕ್ಕನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1972ರ ಯೋಡರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅವರಲ್ಲಿ ಅನೇಕರು ತಮ್ಮದೇ ಖರ್ಚಿನಲ್ಲಿ ಒಂದು ಕೋಣೆಯ ಶಾಲೆಗಳನ್ನು ನಡೆಸುತ್ತಾರೆ. ಸ್ವಯಂ ಉದ್ಯೋಗಿಗಳಾದ ಆಮಿಶರಿಗೆ ಸಾಮಾಜಿಕ ಭದ್ರತಾ ತೆರಿಗೆಯಿಂದ 1965ರಲ್ಲಿ ವಿನಾಯಿತಿಯೂ ಸಿಕ್ಕಿತು. ಆದರೂ ತಮ್ಮ ಮಕ್ಕಳು ಕಾಲಿಡದ ಸರ್ಕಾರಿ ಶಾಲೆಗಳ ಆಸ್ತಿ ತೆರಿಗೆಯನ್ನು ಅವರು ಕಟ್ಟುತ್ತಲೇ ಬಂದಿದ್ದಾರೆ. ಈ ನಿದರ್ಶನದ ಮುಂದೆ ‘ನಮ್ಮ ಮಕ್ಕಳು ಓದಿ ಮುಗಿಸಿದರು, ಇನ್ನು ನಾವೇಕೆ ಕೊಡಬೇಕು’ ಎಂಬ ವಾದ ನಿಲ್ಲುವುದಿಲ್ಲ. ಲೆವಿಯ ವಿರೋಧಕ್ಕೆ ನೈತಿಕ ನೆಲೆ ಇರುವುದಾದರೆ ಅದನ್ನು ಬಾಧ್ಯತೆಯ ಒಳಗೇ ಹುಡುಕಬೇಕು.

ಅಂಥ ನೆಲೆ ಇದೆ, ಅದು ಪರಧನಪಾಲನೆಯ ತತ್ತ್ವ. ಬೇರೆಯವರ ಸ್ವತ್ತನ್ನು ಅವರ ಹಿತಕ್ಕಾಗಿ ಹಿಡಿದಿಟ್ಟುಕೊಂಡವನು ಅದರ ಪ್ರತಿ ಕಾಸಿಗೂ ಲೆಕ್ಕ ಒಪ್ಪಿಸಬೇಕು ಎಂಬುದು ಇದರ ಸಾರ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಒಂದು ದೃಷ್ಟಾಂತದಲ್ಲಿ ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು, ಮುಗಿಸುವಷ್ಟು ಹಣ ತನ್ನಲ್ಲಿದೆಯೇ ಎಂದು ಎಣಿಸುತ್ತಾನೆ. ಎಣಿಸದೆ ಅಡಿಪಾಯ ಹಾಕಿದವನು ನಗೆಗೀಡಾಗುತ್ತಾನೆ. ಪ್ರಸಂಗ ಶಿಷ್ಯತ್ವದ್ದಾದರೂ, ಒಳ್ಳೆಯ ಉದ್ದೇಶವಿದೆಯೆಂಬ ಕಾರಣಕ್ಕೆ ಎಣಿಕೆಯಿಂದ ಬಿಡುಗಡೆ ಸಿಗುವುದಿಲ್ಲವೆಂಬ ತಿಳಿವು ಅದರಲ್ಲಿದೆ. ಒಹಾಯೊದ ಕಾನೂನು ಇದೇ ತಿಳಿವನ್ನು ಶಾಲಾ ಆಡಳಿತಕ್ಕೆ ಅನ್ವಯಿಸುತ್ತದೆ: ದೊಡ್ಡ ಕರಾರಿಗೆ ಅಥವಾ ವೇತನ ಏರಿಕೆಗೆ ಒಪ್ಪುವ ಮುನ್ನ, ಅದನ್ನು ಪೂರೈಸುವಷ್ಟು ಆದಾಯವಿದೆಯೆಂದು ಜಿಲ್ಲೆಯ ಖಜಾಂಚಿ, ಮಂಡಳಿಯ ಅಧ್ಯಕ್ಷ ಮತ್ತು ಶಾಲಾ ಅಧೀಕ್ಷಕರು ಸಹಿ ಹಾಕಿದ ಪ್ರಮಾಣಪತ್ರ ಬೇಕು. ಜಿಲ್ಲೆಗಳು ಮುಂಬರುವ ವರ್ಷಗಳ ಆದಾಯ ಮತ್ತು ಖರ್ಚಿನ ಅಂದಾಜನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂಬ ನಿಯಮವೂ ಇದೆ. ಆ ಅಂದಾಜನ್ನು ಓದಿ ಪ್ರಶ್ನಿಸುವ ಮತದಾರ ಶಾಲೆಯ ವೈರಿಯಲ್ಲ. ಕಾನೂನು ಅವನಿಂದ ನಿರೀಕ್ಷಿಸಿದ ಕೆಲಸವನ್ನೇ ಅವನು ಮಾಡುತ್ತಿದ್ದಾನೆ.

ಎಣಿಕೆ ತಪ್ಪುವುದು ಹೇಗೆಂಬುದಕ್ಕೆ ಇತ್ತೀಚಿನ ದೊಡ್ಡ ಪಾಠ ಕೋವಿಡ್ ಕಾಲದ ನೆರವು. ಒಕ್ಕೂಟ ಸರ್ಕಾರ ಮೂರು ಕಂತುಗಳಲ್ಲಿ ದೇಶದ ಶಾಲೆಗಳಿಗೆ ಸುಮಾರು 190 ಶತಕೋಟಿ ಡಾಲರ್ ಕೊಟ್ಟಿತು, ಕೊನೆಯ ಕಂತಿನ ಹಣವನ್ನು ಕರಾರುಗಳಿಗೆ ತೊಡಗಿಸಲು 2024ರ ಸೆಪ್ಟೆಂಬರ್ 30ರ ಗಡುವು ಇತ್ತು. ಗಾಳಿ ವ್ಯವಸ್ಥೆಯ ದುರಸ್ತಿಗೋ, ತಪ್ಪಿಹೋದ ಪಾಠಗಳನ್ನು ಮರಳಿ ಕಲಿಸುವುದಕ್ಕೋ ಆ ಹಣ ಹೋದಲ್ಲಿ ಕೆಲಸ ಮುಗಿದಾಗ ಖರ್ಚೂ ಮುಗಿಯಿತು. ಕಾಯಂ ಹುದ್ದೆಗಳಿಗೆ ಮತ್ತು ಸಂಬಳದ ಏರಿಕೆಗೆ ಅದನ್ನು ಬಳಸಿದಲ್ಲಿ ಹಣ ನಿಂತ ಮೇಲೂ ಖರ್ಚು ಉಳಿಯಿತು. ಒಹಾಯೊದಲ್ಲಿ ಸಂಬಳದ ಪ್ರತಿ ಡಾಲರಿನ ಹಿಂದೆ ಶಿಕ್ಷಕರ ನಿವೃತ್ತಿ ನಿಧಿಗೆ ಮಂಡಳಿ ಶೇ 14ರಷ್ಟು ಕಟ್ಟಬೇಕಾದ್ದರಿಂದ, ಒಂದು ಏರಿಕೆಯ ಒಪ್ಪಂದ ಒಂದೇ ಏರಿಕೆಯಾಗಿ ನಿಲ್ಲುವುದಿಲ್ಲ. ಒಮ್ಮೆ ಬಂದ ಹಣದಿಂದ ಸದಾ ನಡೆಯಬೇಕಾದ ವಾಗ್ದಾನ ಮಾಡಿ, ಆಮೇಲೆ ಆ ವಾಗ್ದಾನವನ್ನೇ ಕಾರಣವಾಗಿ ತೋರಿಸಿ ಅಂತ್ಯವಿಲ್ಲದ ಅವಧಿಯ ಲೆವಿ ಕೇಳುವುದು ಪರಧನಪಾಲನೆಯ ಉಲ್ಲಂಘನೆ. ಅದಕ್ಕೆ ಮತದಾರ ‘ಬೇಡ’ ಎಂದರೆ ಆ ನಿರಾಕರಣೆ ನ್ಯಾಯವಾದದ್ದು, ಒಮ್ಮೊಮ್ಮೆ ಅವಶ್ಯವಾದದ್ದೂ ಹೌದು.

ತಲೆಮಾರುಗಳ ನಡುವಿನ ನ್ಯಾಯದ ವಿಚಾರ ಇಲ್ಲಿ ತಾನಾಗಿ ಬರುತ್ತದೆ. 1789ರ ಸೆಪ್ಟೆಂಬರ್ 6ರಂದು ಥಾಮಸ್ ಜೆಫರ್ಸನ್ ಜೇಮ್ಸ್ ಮ್ಯಾಡಿಸನ್ನರಿಗೆ ಬರೆದ ಪತ್ರದಲ್ಲಿ, ಭೂಮಿಯ ಅನುಭೋಗ ಬದುಕಿರುವವರದು, ಒಂದು ತಲೆಮಾರು ಇನ್ನೊಂದರ ಮೇಲೆ ಸಾಲ ಹೊರಿಸಲಾಗದು ಎಂದು ವಾದಿಸಿ, ತಲೆಮಾರಿನ ಅವಧಿಯನ್ನು ಹತ್ತೊಂಬತ್ತು ವರ್ಷಗಳೆಂದು ಗಣಿಸಿದರು. ಮರುವರ್ಷ ಮ್ಯಾಡಿಸನ್ ಕೊಟ್ಟ ಉತ್ತರ ಹೆಚ್ಚು ವಿವೇಕದ್ದು: ಹಿಂದಿನವರು ಮಾಡಿದ ಸುಧಾರಣೆಗಳ ಫಲವನ್ನು ಉಣ್ಣುವವರು ಅದರ ಭಾರವನ್ನೂ ಹೊರಬೇಕು, ಕೆಲವು ಸಾಲಗಳು ಮುಖ್ಯವಾಗಿ ಮುಂದಿನವರ ಹಿತಕ್ಕಾಗಿಯೇ ಆಗಿರುತ್ತವೆ. ಶಾಲೆಯ ವಿಷಯದಲ್ಲಿ ಇಬ್ಬರ ಮಾತಿಗೂ ಬೇರೆ ಬೇರೆ ಜಾಗವಿದೆ. ದಶಕಗಳು ಬಾಳುವ ಕಟ್ಟಡಕ್ಕೆ ಬಾಂಡ್ ಮೂಲಕ ಸಾಲ ಎತ್ತಿ, ಅದನ್ನು ಬಳಸುವ ತಲೆಮಾರುಗಳಿಂದ ತೀರಿಸುವುದು ಮ್ಯಾಡಿಸನ್ನರ ತರ್ಕಕ್ಕೆ ಒಪ್ಪುತ್ತದೆ. ಈ ವರ್ಷದ ಸಂಬಳದ ಕೊರತೆಯನ್ನು ಮುಂದಿನವರ ಹೆಗಲಿಗೆ ದಾಟಿಸುವುದಕ್ಕೆ ಜೆಫರ್ಸನ್ನರ ಆಕ್ಷೇಪ ಇಂದಿಗೂ ಜೀವಂತ.

ಇಷ್ಟಾದರೂ ಲೆವಿಯ ಪರವಾದ ಒಂದು ವಾದ ಉಳಿದೆಲ್ಲಕ್ಕಿಂತ ಭಾರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವುದು ಅಪ್ರಾಮಾಣಿಕ. ತೆರಿಗೆಯನ್ನು ಮುಂದೂಡಬಹುದು, ಬಾಲ್ಯವನ್ನು ಮುಂದೂಡಲಾಗದು. ಮೂರನೆಯ ತರಗತಿಯ ಮಗು ಓದಲು ಕಲಿಯಬೇಕಾದ ವರ್ಷದಲ್ಲಿ ಅದರ ಶಿಕ್ಷಕಿಯ ಹುದ್ದೆ ರದ್ದಾದರೆ, ಎರಡು ವರ್ಷಗಳ ನಂತರ ಮಂಡಳಿಯ ಲೆಕ್ಕ ಸರಿಹೋದರೂ ಆ ಮಗುವಿಗೆ ಹೋದ ವರ್ಷ ಮರಳುವುದಿಲ್ಲ. ತಪ್ಪು ಮಾಡಿದವರು ಮಂಡಳಿಯವರು, ದಂಡ ತೆರುವುದು ಮಗು. ಹಣ ಹೆಚ್ಚಿದರೆ ಕಲಿಕೆ ಹೆಚ್ಚುವುದಿಲ್ಲವೆಂಬ ಹಳೆಯ ವಾದದ ಆಸರೆಯೂ ಇಲ್ಲಿ ಸಾಲದು: ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ 1980ರ ದಶಕದಿಂದ ಖರ್ಚಿಗೂ ಫಲಿತಾಂಶಕ್ಕೂ ಬಿಗಿಯಾದ ನಂಟಿಲ್ಲವೆಂದು ವಾದಿಸಿದ್ದರೂ, ಕಿರಾಬೊ ಜ್ಯಾಕ್ಸನ್ ಮತ್ತು ಸಂಗಡಿಗರ 2016ರ ಅಧ್ಯಯನ, ದೀರ್ಘಕಾಲ ನಿಂತ ಖರ್ಚಿನ ಏರಿಕೆಯಿಂದ ಬಡ ಮಕ್ಕಳ ಓದಿನ ವರ್ಷಗಳೂ ಮುಂದಿನ ಗಳಿಕೆಯೂ ಹೆಚ್ಚಿದ್ದನ್ನು ತೋರಿಸಿತು. ಹಣ ಮುಖ್ಯ, ಅದು ಹೋಗುವ ದಾರಿ ಇನ್ನೂ ಮುಖ್ಯ.

ಈ ವಾದಕ್ಕೆ ಹೊಣೆಯರಿತ ವಿರೋಧಿಯ ಬಳಿ ಪೂರ್ಣ ಉತ್ತರವಿಲ್ಲ, ಭಾಗಶಃ ಉತ್ತರವಿದೆ. ಇಂದು ಕಡಿತವನ್ನು ತಪ್ಪಿಸಿದ ಲೆವಿ ಮಂಡಳಿಯ ಅಭ್ಯಾಸವನ್ನು ಬದಲಿಸದಿದ್ದರೆ, ನಾಲ್ಕು ವರ್ಷಗಳ ನಂತರದ ಇನ್ನೂ ದೊಡ್ಡ ಕಡಿತ ಇಂದು ಅಂಬೆಗಾಲಿಡುತ್ತಿರುವ ಮಗುವಿನ ಮೇಲೆ ಬೀಳುತ್ತದೆ, ಮತಪತ್ರದ ಮುಂದೆ ಆ ಮಗುವಿನ ಪರ ಮಾತಾಡುವವರು ಯಾರೂ ಇರುವುದಿಲ್ಲ. ಮತದಾನಕ್ಕೆ ಮುನ್ನ ಮಂಡಳಿ ಪ್ರಕಟಿಸುವ ಕಡಿತಗಳ ಪಟ್ಟಿಯನ್ನೂ ಇಲ್ಲಿ ಪರಿಶೀಲಿಸಬೇಕು. ಶಾಲಾ ಬಸ್ಸು, ಸಂಗೀತ, ಆಟೋಟಗಳನ್ನು ಮೊದಲ ಸಾಲಿನಲ್ಲಿಟ್ಟು, ಆಡಳಿತದ ಖರ್ಚನ್ನು ಮುಟ್ಟದೆ ಬಿಟ್ಟ ಪಟ್ಟಿ ಪೋಷಕರ ಅಂಜಿಕೆಯನ್ನು ಸಾಧನ ಮಾಡಿಕೊಳ್ಳುತ್ತದೆ. ಹಣವಿಲ್ಲದಿದ್ದರೆ ಏನಾಗುತ್ತದೆಂದು ಎಲ್ಲ ಅಂಕಿಗಳೊಂದಿಗೆ ಸಮವಾಗಿ ತಿಳಿಸಿದ ಪಟ್ಟಿ ಮತದಾರನ ವಿವೇಕವನ್ನು ಗೌರವಿಸುತ್ತದೆ. ಮಕ್ಕಳನ್ನು ಚೌಕಾಸಿಯ ಒತ್ತೆಯಾಗಿ ಇಡುವುದು ಮಂಡಳಿ ಮಾಡಿದರೂ ತಪ್ಪು, ವಿರೋಧಿಗಳು ಮಾಡಿದರೂ ತಪ್ಪು.

ತೆರುವವರ ಸ್ಥಿತಿಯೂ ಒಂದೇ ತೆರನಾಗಿಲ್ಲ. ಮನೆಯ ಬೆಲೆ ಏರಿತೆಂದರೆ ಅದರೊಳಗಿನ ವೃದ್ಧೆಯ ಪಿಂಚಣಿ ಏರಿತೆಂದಲ್ಲ. ಮಾರುವವರೆಗೆ ಆ ಐಶ್ವರ್ಯ ಕಾಗದದ ಮೇಲಿನದು, ತೆರಿಗೆ ಮಾತ್ರ ಈ ವರ್ಷದ ನಗದಿನದು. ಅರವತ್ತೈದು ದಾಟಿದವರಲ್ಲಿ ಆದಾಯ ಕಡಿಮೆ ಇರುವವರಿಗೆ ರಾಜ್ಯದ ‘ಹೋಮ್‌ಸ್ಟೆಡ್’ ರಿಯಾಯಿತಿ ಸ್ವಲ್ಪ ಹಗುರ ಮಾಡುತ್ತದೆ, ಅಷ್ಟೇ. ಇನ್ನೊಂದೆಡೆ ಕೈಗಾರಿಕೆ ಮುಚ್ಚಿದ ಬಡ ಊರಿನಲ್ಲಿ ಒಂದು ಮಿಲ್ ತರುವ ಹಣ ಶ್ರೀಮಂತ ಉಪನಗರದ ಒಂದು ಮಿಲ್‌ನ ಮುಂದೆ ಅತ್ಯಲ್ಪ. ಆಸ್ತಿ ತೆರಿಗೆಯ ಮೇಲಿನ ಈ ಅತಿಯಾದ ಅವಲಂಬನೆಯೂ ಸೇರಿದಂತೆ ರಾಜ್ಯದ ಶಾಲಾ ಹಣಕಾಸಿನ ವ್ಯವಸ್ಥೆ ಸಂವಿಧಾನಬಾಹಿರವೆಂದು ಒಹಾಯೊದ ಸರ್ವೋಚ್ಚ ನ್ಯಾಯಾಲಯ 1997ರ ಡಿರಾಲ್ಫ್ ಪ್ರಕರಣದಲ್ಲಿ ತೀರ್ಪಿತ್ತು, ಅನಂತರದ ತೀರ್ಪುಗಳಲ್ಲೂ ಅದನ್ನು ಹೇಳಿತು. ಆದ್ದರಿಂದ ಹಣಕಾಸಿನ ಹೊಣೆಗಾರಿಕೆಯ ವಾದ ಎಲ್ಲೆಡೆ ಒಂದೇ ತೂಕದ್ದಲ್ಲ: ಲೆಕ್ಕ ತಪ್ಪಿದ ಉಳ್ಳವರ ಜಿಲ್ಲೆಯಲ್ಲಿ ಅದು ಬಲವಾದದ್ದು, ಮಿತವ್ಯಯದಿಂದಲೇ ನಡೆದೂ ಸೋಲುತ್ತಿರುವ ಬಡ ಜಿಲ್ಲೆಯಲ್ಲಿ ಅದು ತಪ್ಪು ಬಾಗಿಲನ್ನು ತಟ್ಟುತ್ತದೆ, ಏಕೆಂದರೆ ಅಲ್ಲಿ ಲೆಕ್ಕ ಒಪ್ಪಿಸಬೇಕಾದದ್ದು ರಾಜ್ಯದ ಶಾಸನಸಭೆ.

ಒಂದು ಲೆವಿಯನ್ನು ನಿರಾಕರಿಸುವುದಕ್ಕೂ ಲೆವಿಯ ಸಾಧ್ಯತೆಯನ್ನೇ ಕಟ್ಟಿಹಾಕುವುದಕ್ಕೂ ಬಹಳ ಅಂತರವಿದೆ. ಕ್ಯಾಲಿಫೋರ್ನಿಯದಲ್ಲಿ ಹೊವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಮುನ್ನಡೆಸಿದ 13ನೇ ಪ್ರಸ್ತಾವ 1978ರ ಜೂನ್ 6ರಂದು ಗೆದ್ದು, ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಮತ್ತು ಮೌಲ್ಯದ ವಾರ್ಷಿಕ ಏರಿಕೆಯನ್ನು, ಆಸ್ತಿ ಕೈಬದಲಾಗುವವರೆಗೆ, ಶೇ 2ಕ್ಕೆ ಕಟ್ಟಿಹಾಕಿತು. ಹಳೆಯ ಮಾಲೀಕರು ಹಗುರಾದರು, ಅಂದು ಹುಟ್ಟಿರದವರು ತಾವು ಮತ ಹಾಕದ ನಿಯಮಕ್ಕೆ ಒಳಪಟ್ಟು, ಪಕ್ಕದ ಅಂಥದೇ ಮನೆಗಿಂತ ಹಲವು ಪಟ್ಟು ತೆರಿಗೆ ಕಟ್ಟುವಂತಾಯಿತು. ಜೆಫರ್ಸನ್ನರ ಆಕ್ಷೇಪ ಸಾಲಕ್ಕೆ ಅನ್ವಯಿಸುವಷ್ಟೇ ಇಂಥ ಕಟ್ಟಿಗೂ ಅನ್ವಯಿಸುತ್ತದೆ. ಒಹಾಯೊದ ಪದ್ಧತಿಯಲ್ಲಿ ಸೋತ ಲೆವಿ ಮುಂದಿನ ಚುನಾವಣೆಗೆ ಮರಳಿ ಬರಬಹುದು, ತಿದ್ದಿಕೊಂಡು ಬರಬಹುದು. ‘ಬೇಡ’ ಎಂದ ಮತದಾರನ ಹೊಣೆ ಆಗ ಇನ್ನಷ್ಟು ಹೆಚ್ಚುತ್ತದೆ: ಅವನು ಮಂಡಳಿಯ ಸಭೆಗೆ ಹೋಗಿ, ಯಾವ ಖರ್ಚು ಇಳಿದರೆ, ಎಷ್ಟು ಮಿಲ್‌ಗಳಿಗೆ, ಎಷ್ಟು ವರ್ಷಗಳ ಅವಧಿಗೆ ತಾನು ‘ಬೇಕು’ ಎನ್ನುವೆನೆಂದು ಅಂಕಿಗಳಲ್ಲಿ ಹೇಳಬೇಕು, ಮತ್ತು ಮಂಡಳಿ ಅದನ್ನು ಒಪ್ಪಿ ಬಂದ ದಿನ ಆ ಮತವನ್ನು ಹಾಕಬೇಕು.