ನಡುವೆ ಮಲಗಿದವನು

‘ಮೊದಲು ಕೈಮಾಡಿದವರು ಯಾರು?’ ಎಂಬುದು ಗೊತ್ತಾದರೆ ನ್ಯಾಯ ದೊರೆತಂತೆಯೇ ಎಂದು ನಾವೆಲ್ಲ ನಂಬಿದ್ದೇವೆ. ‘ನೋ ಮ್ಯಾನ್ಸ್ ಲ್ಯಾಂಡ್’ ಎಂಬ ಚಿತ್ರವನ್ನು ಮೊನ್ನೆ ನೋಡಿದ ಮೇಲೆ ನನ್ನ ಈ ನಂಬಿಕೆ ಅಲುಗಾಡಿತು. ಬೋಸ್ನಿಯದ ಡಾನಿಸ್ ತಾನೋವಿಚ್ 2001ರಲ್ಲಿ ತೆಗೆದ ಚಿತ್ರ ಅದು; ಮರುವರ್ಷ ನಮ್ಮ ‘ಲಗಾನ್’ ಚಿತ್ರವನ್ನು ಹಿಂದೆ ಹಾಕಿ ಆಸ್ಕರ್ ಪಡೆದದ್ದು ಹಲವರಿಗೆ ನೆನಪಿದ್ದೀತು.

1993ರ ಬೋಸ್ನಿಯ ಯುದ್ಧ. ಎರಡು ಸೇನೆಗಳ ನಡುವಿನ ಕಂದಕದಲ್ಲಿ ಬೋಸ್ನಿಯದ ಚಿಕಿ, ಸರ್ಬರ ಪಕ್ಷದ ನಿನೊ ಸಿಕ್ಕಿಬಿದ್ದಿದ್ದಾರೆ. ಬಳಿಯಲ್ಲಿ ಚೆರಾ ಎಂಬ ಮೂರನೆಯವನು. ಸತ್ತನೆಂದು ತಿಳಿದು ಅವನ ಮೈಕೆಳಗೆ ನೆಲಬಾಂಬು ಇಟ್ಟಿದ್ದಾರೆ, ಅವನಾದರೋ ಬದುಕಿದ್ದಾನೆ. ಮಗ್ಗುಲು ಬದಲಿಸಿದರೆ ಮೂವರೂ ಚೂರುಚೂರು. ಇಂಥ ಹೊತ್ತಿನಲ್ಲಿಯೂ ಉಳಿದಿಬ್ಬರ ವಾದ ಒಂದೇ: ಯುದ್ಧ ಆರಂಭಿಸಿದವರು ಯಾರು? ಚಿಕಿಯ ಕೈಯಲ್ಲಿ ಬಂದೂಕಿದ್ದಾಗ ‘ನಾವೇ’ ಎಂದು ನಿನೊ ಒಪ್ಪುತ್ತಾನೆ. ಬಂದೂಕು ಕೈಬದಲಾದೊಡನೆ ಉತ್ತರವೂ ಬದಲಾಗುತ್ತದೆ. ಕೊನೆಗೆ ಇಬ್ಬರೂ ಸಾಯುತ್ತಾರೆ. ಚೆರಾ ಪಾರಾದನೆಂದು ಪತ್ರಿಕೆಯವರನ್ನು ನಂಬಿಸಿ ವಿಶ್ವಸಂಸ್ಥೆಯವರು ಹೊರಟುಹೋಗುತ್ತಾರೆ. ಬಾಂಬಿನ ಮೇಲೆ ಅವನೊಬ್ಬನೇ ಉಳಿಯುತ್ತಾನೆ.

ನೋಡುತ್ತ ನಾನು ಬಹಳ ನಕ್ಕೆ. ಆದರೆ ನಗುವ ಹಕ್ಕು ನನಗಿತ್ತೆ? ನಾನಿರುವುದು ಕೊಪ್ಪಳದಲ್ಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಸೇರಿದ ಈ ಸೀಮೆಯೂ ಕೃಷ್ಣೆ-ತುಂಗಭದ್ರೆಯರ ನಡುವೆ ಸಿಕ್ಕಿದ ಎಡೆದೊರೆ. ವಿಜಯನಗರದವರೂ ಬಹಮನಿಯವರೂ ಇದಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರು. 1790ರಲ್ಲಿ ಟಿಪ್ಪುವಿನ ವಶದಲ್ಲಿದ್ದ ಕೊಪ್ಪಳದ ಕೋಟೆಯನ್ನು ಇಂಗ್ಲಿಷರ, ನಿಜಾಮನ ಪಡೆಗಳು ತಿಂಗಳುಗಟ್ಟಲೆ ಮುತ್ತಿದ್ದವು. ‘ಯುದ್ಧಕ್ಕೆ ಕಾರಣಗಳೇನು?’ ಎಂದು ಪ್ರಶ್ನೆಪತ್ರಿಕೆಗಳು ಕೇಳುತ್ತವೆ. ಕೋಟೆಯ ಕೆಳಗೆ ಜೋಳ ಬಿತ್ತಿದವನು ಆ ವರ್ಷ ಏನುಂಡ ಎಂದು ಕೇಳುವುದಿಲ್ಲ.

ರಾಜರ ಮಾತೇಕೆ? ಹೊಲದ ಬದುವಿಗಾಗಿ ನನಗೂ ನನ್ನ ಅಣ್ಣನಿಗೂ ಎರಡು ವರ್ಷ ಮಾತು ನಿಂತಿತ್ತು. ಬದು ಒತ್ತಿದವನು ಅವನೆಂದು ನಾನು, ನಾನೆಂದು ಅವನು. ಇಬ್ಬರ ಬಳಿಯೂ ಕಾಗದ, ಇಬ್ಬರ ಕಡೆಗೂ ಸಾಕ್ಷಿ. ಅವ್ವ ನಡುಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಒಬ್ಬನ ಹೆಸರೆತ್ತಿದರೆ ಇನ್ನೊಬ್ಬನಿಗೆ ನೋವಾದೀತೆಂದು ಅವಳು ಇಬ್ಬರ ಹೆಸರನ್ನೂ ಎತ್ತುತ್ತಿರಲಿಲ್ಲ. ಆ ಮೌನವನ್ನು ನಾನು ನೆಮ್ಮದಿಯೆಂದು ತಿಳಿದೆ.

ಹಾಗೆಂದು ತಪ್ಪು ಯಾರದೆಂದು ವಿಚಾರಿಸುವುದೇ ಬೇಡವೆ? ಖಂಡಿತ ಬೇಕು. ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎರಡನೆಯ ಅನ್ಯಾಯ. ಆದರೆ ಜಗಳದ ನಡುವೆ ಸಿಕ್ಕಿದವನನ್ನು ಮೊದಲು ಎಬ್ಬಿಸಬೇಕು, ಲೆಕ್ಕ ಆಮೇಲೆ. ಈ ಸರದಿ ತಪ್ಪಿದರೆ ಎಷ್ಟು ನಿಜವಾದ ಉತ್ತರವೂ ನಿಷ್ಪ್ರಯೋಜಕ.

ಅವ್ವ ತೀರಿಕೊಂಡ ವರ್ಷವೇ ನಾವು ರಾಜಿಯಾದೆವು. ಈಗ ಆ ಬದುವಿನ ಮೇಲೆ ಅಣ್ಣನೂ ನಾನೂ ಕೂಡಿಯೇ ನಡೆಯುತ್ತೇವೆ. ಯಾರು ಒತ್ತಿದ್ದರೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಆಗಬೇಕೆಂದು ಇಬ್ಬರಿಗೂ ಅನಿಸುವುದಿಲ್ಲ. ‘ನಿನಗೇನು ಬೇಕವ್ವಾ?’ ಎಂದು ಅವಳನ್ನು ಅಂದು ಕೇಳಲಿಲ್ಲವಲ್ಲ ಎಂಬುದಷ್ಟೇ ಉಳಿದಿದೆ.