ಚೀಟಿ ಬರೆಸುವುದು ಅಪನಂಬಿಕೆಯೇ?

ಮಳೆಗಾಲಕ್ಕೆ ಮುನ್ನ ಹಳಿಯಾಳದಲ್ಲೋ ಜೋಯಿಡಾದಲ್ಲೋ ಮಾಡು ರಿಪೇರಿಗೆ ಗೌಂಡಿಯನ್ನು ಕರೆಯುತ್ತೀರಿ. ಆತ ನಿಮ್ಮೊಡನೆ ಪೂಜೆಗೆ ಬರುವವನೇ. ನಮ್ಮವನ ಹತ್ತಿರ ಕಾಗದ ಕೇಳುವುದು ಹೇಗೆಂದು ಸಂಕೋಚಪಟ್ಟು ಮುಂಗಡ ಕೊಡುತ್ತೀರಿ. ಮೊದಲ ಮಳೆಗೇ ಮನೆ ಸೋರಿದಾಗ, ಆಡಿದ ಮಾತು ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ.

ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದರು ಯೇಸುಸ್ವಾಮಿ. ಕೆಲಸ, ಸಾಮಾನು, ದರ, ಅವಧಿ ಬರೆದ ಚೀಟಿ ಸ್ನೇಹಕ್ಕೆ ಬೇಲಿ. ಕೆಲಸ ಮುಗಿದಷ್ಟಕ್ಕೆ ಹಣ ಕೊಟ್ಟು ರಸೀದಿ ಪಡೆಯಿರಿ. ಮನೆ ಕಟ್ಟಿಕೊಡುವುದೂ ಸೇವೆಯೆಂದು ಸುಪ್ರೀಂ ಕೋರ್ಟು 1993ರಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ 2 ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಆದರೆ ಆ ಚೀಟಿ ನಿಮ್ಮನ್ನೂ ಕಟ್ಟಿಹಾಕುತ್ತದೆ. ಸಂಜೆಗೆ ಸಲ್ಲಬೇಕಾದ ಕೂಲಿಯನ್ನು ನಾಳೆಗೆ ತಳ್ಳಬೇಡಿ. ಅವನ ಮನೆಯ ಮಾಡೂ ಸೋರುತ್ತಿರಬಹುದು.